ಕಂಬ–ಬೋದಿಗೆಯ ಹಳೆಯ ಕಲ್ಲುಸೇತುವೆಗೆ ಸಿಮೆಂಟ್ ಅಂದಾಜುಪಟ್ಟಿ ಬಂದಿದೆ, ಒಪ್ಪಬಹುದೇ?

ಹೊಳೆದಂಡೆ

ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ, ಶಿವನಸಮುದ್ರದ ಎರಡು ಸೇತುವೆಗಳು ಎಲ್ಲರಿಗೂ ಗೊತ್ತು. ಅದೇ ವರಸೆಯಲ್ಲಿ ಕಟ್ಟಿದ, ಹೆಸರಿಲ್ಲದ ಒಂದು ಸಣ್ಣ ಸೇತುವೆಯ ಬಗ್ಗೆ ಈ ಪ್ರಶ್ನೆ. ಕಾವೇರಿಗೆ ಸೇರುವ ಹಳ್ಳದ ಮೇಲಿದೆ. ಶಾಸನವಿಲ್ಲ, ಫಲಕವಿಲ್ಲ.

ಅಳತೆ ಹೀಗಿದೆ. 11 ಅಂಕಣ (ಎರಡು ಕಂಬಸಾಲುಗಳ ನಡುವಿನ ಜಾಗ). ಪ್ರತಿ ಸಾಲಿನಲ್ಲಿ 4 ಕಂಬ, ಕಂಬದ ತಲೆಯ ಮೇಲೆ ಬೋದಿಗೆ, ಅದರ ಮೇಲೆ ಅಡ್ಡತೊಲೆ, ತೊಲೆಯಿಂದ ತೊಲೆಗೆ ಉದ್ದಕ್ಕೆ ಹಾಸಿದ ಚಪ್ಪಡಿ. ಚಪ್ಪಡಿ 2.7 ಮೀಟರ್ ಉದ್ದ, ಅರ್ಧ ಮೀಟರ್ ಅಗಲ, 30 ಸೆಂ.ಮೀ. ದಪ್ಪ. ಅಗಲಕ್ಕೆ 9 ಚಪ್ಪಡಿ. ಒಂದು ತೊಲೆಯ ಅಂಚಿನಿಂದ ಮುಂದಿನ ತೊಲೆಯ ಅಂಚಿಗೆ ತೆರಪು 2.4 ಮೀಟರ್. ಹಳ್ಳದ ತಳ ಬಂಡೆ, ಅಲ್ಲಿಂದ ಚಪ್ಪಡಿಯ ಅಡಿಗೆ ಸುಮಾರು 2.5 ಮೀಟರ್.

ತೊಂದರೆಗಳು:

3 ಮತ್ತು 4ನೇ ಸಾಲಿನ ಬೋದಿಗೆ ಸಂದಿನಲ್ಲಿ ಅರಳಿ ಗಿಡ, ಒಂದರ ಕಾಂಡ ಮಣಿಕಟ್ಟಿನಷ್ಟು ದಪ್ಪ. 5–6ನೇ ಅಂಕಣಕ್ಕೆ ಮೇಲ್ದಂಡೆ (ನೀರು ಬರುವ) ಕಡೆಯಿಂದ ಮರದ ದಿಮ್ಮಿ, ಬಿದಿರು, ಜೊಂಡು ಬಂದು ಗೋಡೆಯ ಹಾಗೆ ಕಟ್ಟಿದೆ. 7ನೇ ಅಂಕಣದಲ್ಲಿ ಒಂದು ಚಪ್ಪಡಿಯ ಅಡಿಯಲ್ಲಿ ಬಿರುಕು. ಹಗಲು ಬರೀ ಜನ, ದನ, ಬೈಕು. ರಾತ್ರಿ ಮಾತ್ರ ಕಬ್ಬಿನ ಟ್ರ್ಯಾಕ್ಟರ್, ಟಿಪ್ಪರ್ ಹಾಯುತ್ತವೆ.

ದುರಸ್ತಿಗೆ ಅಂದಾಜುಪಟ್ಟಿ ಬಂದಿದೆ: ಮೇಲೆ 10 ಸೆಂ.ಮೀ. ಕಾಂಕ್ರೀಟು, ಎಲ್ಲ ಸಂದುಗಳಿಗೂ ಸಿಮೆಂಟ್, ಎರಡೂ ಅಂಚಿಗೆ ತೂತು ಕೊರೆದು ಕಬ್ಬಿಣದ ಕಂಬಿ. ಒಪ್ಪಿಕೊಳ್ಳಬೇಕೇ? ಬೇಡವೆಂದರೆ ಮಳೆಗಾಲಕ್ಕೆ ಮೊದಲು ಸಣ್ಣ ಖರ್ಚಿನಲ್ಲಿ ಏನೇನು ಮಾಡಬಹುದು, ಯಾವುದು ಮೊದಲು?

---

ಕಲ್ಲುಚಪ್ಪಡಿ

ಒಪ್ಪಬೇಡಿ. ಆ ಪಟ್ಟಿಯ ಮೂರೂ ಬಾಬ್ತು ಈ ಜಾತಿಯ ಸೇತುವೆಗೆ ಹೊಂದುವಂಥವಲ್ಲ. ನಿಮ್ಮ ಕೆಲಸದ ಅನುಕ್ರಮ ಇದು: ಮೊದಲು ಭಾರಿ ವಾಹನ ನಿಲ್ಲಿಸಿ, ಆಮೇಲೆ 5–6ನೇ ಅಂಕಣದ ಕಸ ಬಿಡಿಸಿ, ಆಮೇಲೆ ಗಿಡ. ಬಿರುಕಿನ ಚಪ್ಪಡಿಯ ಪಕ್ಕಾ ದುರಸ್ತಿ ಬೇಸಿಗೆಗೆ ಇರಲಿ, ಆದರೆ ಅದರ ಮೇಲಿನ ಓಡಾಟ ಇವತ್ತೇ ನಿಲ್ಲಲಿ.

ಕಮಾನು ಸೇತುವೆಯಲ್ಲಿ ಕಲ್ಲು ಕಲ್ಲನ್ನು ಒತ್ತಿ ಹಿಡಿಯುತ್ತದೆ. ನಿಮ್ಮದರಲ್ಲಿ ಚಪ್ಪಡಿ ತೊಲೆಯ ಮೇಲೆ ಸುಮ್ಮನೆ ಕೂತಿದೆ. ಅದನ್ನು ಹಿಡಿದಿರುವುದು ಅದರ ತೂಕ ಮತ್ತು ಅಡಿಯ ತಿಕ್ಕಾಟ, ಎರಡೇ. ಹಂಪಿಯ ಬಳಿ ತುಂಗಭದ್ರೆಯಲ್ಲಿ ವಿಜಯನಗರ ಕಾಲದ ಸೇತುವೆಯ ಕಂಬಗಳು ಇವತ್ತಿಗೂ ನಿಂತಿವೆ, ಮೇಲಿನ ಹಾಸು ಹೋಗಿ ಎಷ್ಟೋ ಕಾಲವಾಯಿತು. ಬಂಡೆಯಲ್ಲಿ ನೆಟ್ಟ ಕಂಬ ತಾಳುತ್ತದೆ, ಮೊದಲು ಹೋಗುವುದು ಹಾಸು. ಹಾಗಾಗಿ ಹಾಸಿನ ಲೆಕ್ಕ ನೋಡೋಣ.

ಕಣಶಿಲೆ (ಗ್ರಾನೈಟ್) ಘನಮೀಟರಿಗೆ ಸುಮಾರು 2,650 ಕೆ.ಜಿ. ನಿಮ್ಮ ಒಂದು ಚಪ್ಪಡಿ ಸುಮಾರು 1,070 ಕೆ.ಜಿ. ನೆರೆ ಹಾಸಿನ ಮೇಲೆ ಹರಿದಾಗ ಮುಳುಗಿದ ಕಲ್ಲಿನ ತೂಕ 670 ಕೆ.ಜಿ.ಗೆ ಇಳಿಯುತ್ತದೆ. ಕಲ್ಲಿಗೆ ಕಲ್ಲಿನ ತಿಕ್ಕಾಟದ ಗುಣಾಂಕ 0.6 ಹಿಡಿದರೆ ಒಂದು ಚಪ್ಪಡಿ ಜಾರದಂತೆ ತಡೆಯುವ ಬಲ 400 ಕೆ.ಜಿ. ಸೆಕೆಂಡಿಗೆ 3 ಮೀಟರ್ ವೇಗದ ನೀರು ಅಂಚಿನ ಚಪ್ಪಡಿಯ ಮುಖವನ್ನು ಸುಮಾರು 560 ಕೆ.ಜಿ. ಬಲದಿಂದ ತಳ್ಳುತ್ತದೆ. ಅಂದರೆ ಅಂಚಿನ ಕಲ್ಲು ಒಂಟಿಯಾಗಿದ್ದರೆ ಜಾರುತ್ತದೆ. ಒಂಬತ್ತೂ ಕಲ್ಲು ಒಂದಕ್ಕೊಂದು ತಾಗಿಕೊಂಡಿದ್ದರೆ 3,600 ಕೆ.ಜಿ. ತಡೆ ಸಿಗುತ್ತದೆ, ಅಲುಗಾಡುವುದಿಲ್ಲ. ಹಳಬರು ಸಂದು ಕಾಣದಷ್ಟು ಬಿಗಿಯಾಗಿ ಹಾಸಿ, ಸಂದಿಗೆ ಕಲ್ಲುಚಕ್ಕೆ ಬಡಿಯುತ್ತಿದ್ದುದು ಇದಕ್ಕೇ. ಎರಡು ಚಪ್ಪಡಿಗಳ ನಡುವೆ ಎರಡು ಬೆರಳು ಹೋಗುವಷ್ಟು ಸಂದು ಬಿಟ್ಟಿದ್ದರೆ ಅದು ದೊಡ್ಡ ರೋಗದ ಸಣ್ಣ ಲಕ್ಷಣ.

ಈಗ ಕಸದ ಗೋಡೆ. 2.4 ಮೀಟರ್ ಅಗಲ, 2.5 ಮೀಟರ್ ಎತ್ತರ ಪೂರ್ತಿ ಮುಚ್ಚಿದರೆ 6 ಚದರ ಮೀಟರ್. ಅದೇ ವೇಗದ ನೀರು ಅದರ ಮೇಲೆ 4 ಟನ್ನಿಗೂ ಮಿಕ್ಕಿ ತಳ್ಳುತ್ತದೆ. ಇದರಲ್ಲಿ ಒಂದು ಪಾಲನ್ನು ಕಂಬಗಳು ಹೊರುತ್ತವೆ ನಿಜ. ಆದರೆ ದಿಮ್ಮಿಯ ತಲೆ ಬೋದಿಗೆಯ ಮೇಲೆ ಹತ್ತಿ ಕೂತಿದ್ದರೆ ಹೆಚ್ಚಿನ ಪಾಲು ಹಾಸಿಗೇ ಹೋಗುತ್ತದೆ, ಅದೂ ಕೆಳಗಿನಿಂದ ಮೇಲಕ್ಕೆ ಎತ್ತುವ ದಿಕ್ಕಿನಲ್ಲಿ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. ಶಿವನಸಮುದ್ರದಲ್ಲಿ ಜನ ವೆಸ್ಲಿ ಸೇತುವೆ ಎಂದು ಕರೆಯುವ ಸೇತುವೆಯ ಒಂದು ಭಾಗ 2018ರ ನೆರೆಯಲ್ಲಿ ಕೊಚ್ಚಿಹೋದದ್ದನ್ನು ನೆನಪಿಸಿಕೊಳ್ಳಿ. ಶ್ರೀರಂಗಪಟ್ಟಣಕ್ಕೆ ಕೃಷ್ಣರಾಜಸಾಗರದಿಂದ ಬಿಟ್ಟ ನೀರು ಮಾತ್ರ ಬರುತ್ತದೆ. ತಿ. ನರಸೀಪುರದಲ್ಲಿ ಕಪಿಲೆ ಕೂಡಿದ ಮೇಲೆ ಶಿವನಸಮುದ್ರಕ್ಕೆ ಕೃಷ್ಣರಾಜಸಾಗರ, ಕಬಿನಿ ಎರಡೂ ಜಲಾಶಯಗಳ ನೀರು ಒಟ್ಟಿಗೇ ಬಂದು ಬಡಿಯುತ್ತದೆ. ನಿಮ್ಮ ಹಳ್ಳಕ್ಕೂ ಕಾವೇರಿಯ ಹಿನ್ನೀರು ಏರುತ್ತದೆಯೇ, ಇಲ್ಲ ಬರೀ ಹಳ್ಳದ ನೀರೇ ಎಂದು ಊರಿನ ಹಿರಿಯರನ್ನು ಕೇಳಿ ನೆರೆಯ ಮಟ್ಟವನ್ನು ದಡದ ಬಂಡೆಯ ಮೇಲೆ ಗುರುತು ಮಾಡಿಡಿ.

ಕಸ ತೆಗೆಯುವ ಕ್ರಮ: ನೀರು ಇಳಿದಾಗ, ಮೇಲ್ದಂಡೆ ಕಡೆಯಿಂದ, ಮೇಲಿನ ಪದರದಿಂದ ಶುರು. ಒಂದೊಂದೇ ತುಂಡು ಗರಗಸದಲ್ಲಿ ಕೊಯ್ದು ದಡಕ್ಕೆ ಎಳೆಯಿರಿ. ಇಡೀ ಕಂತೆಗೆ ಸರಪಳಿ ಬಿಗಿದು ಜೆಸಿಬಿಯಿಂದ ಜಗ್ಗಿಸಬೇಡಿ. ಎರಡು ಕಂಬಗಳ ನಡುವೆ ಸಿಕ್ಕಿಕೊಂಡ ದಿಮ್ಮಿ ಹಾರೆಯ ಹಾಗೆ ಕೆಲಸ ಮಾಡುತ್ತದೆ. ಒಂದು ತುದಿ ಎಳೆದರೆ ಇನ್ನೊಂದು ತುದಿ ಕಂಬವನ್ನು ಮೀಟುತ್ತದೆ. ಯಂತ್ರ ಕಂಬದಿಂದ 3 ಮೀಟರ್ ದೂರದಲ್ಲೇ ನಿಲ್ಲಲಿ. ತೆಗೆದ ಮರವನ್ನು ದಡದಲ್ಲೇ ಬಿಟ್ಟರೆ ಮುಂದಿನ ನೆರೆಗೆ ಅದೇ ಮರ ವಾಪಸು ಬರುತ್ತದೆ, ಅವತ್ತೇ ಸಾಗಿಸಿ.

ಕಸ ತೆಗೆದ ಮೇಲೆ ಕಂಬದ ಬುಡ ನೋಡಿ. ಬಂಡೆಯಲ್ಲಿ ಕೊರೆದ ಗುಳಿಯಲ್ಲಿ ಕಂಬ ಇಟ್ಟು ಸುತ್ತ ಬೆಣೆಗಲ್ಲು ಬಡಿದಿರುತ್ತಾರೆ. ಬೆಣೆ ಕಳಚಿದ್ದರೆ ಕಂಬ ಕೈಯಲ್ಲಿ ಅಲುಗದಿದ್ದರೂ ನೆರೆಯಲ್ಲಿ ನಡುಗುತ್ತದೆ. ತೂಗುಗುಂಡು ಬಿಟ್ಟು ಪ್ರತಿ ಕಂಬದ ವಾಲನ್ನು ಮಿಲಿಮೀಟರಿನಲ್ಲಿ ಬರೆದಿಡಿ.

---

ಗಾರೆಕೆಲಸ

ಮೇಲಿನದಕ್ಕೆ ನನ್ನ ಪೂರ್ಣ ಸಮ್ಮತಿ. ಗಿಡ ಮತ್ತು ಸಂದುಗಳ ಬಗ್ಗೆ ಬರೆಯುತ್ತೇನೆ.

ಅರಳಿ ಗಿಡವನ್ನು ಕಿತ್ತು ಎಳೆಯಬೇಡಿ. ಸಂದಿಯೊಳಗೆ ಬೇರು ಚಪ್ಪಟೆಯಾಗಿ ಹಬ್ಬಿ, ಒಳಗಿನ ಚಕ್ಕೆಗಲ್ಲುಗಳನ್ನು ಅಪ್ಪಿಕೊಂಡಿರುತ್ತದೆ. ಗಿಡದ ಜೊತೆ ಚಕ್ಕೆಯೂ ಬರುತ್ತದೆ, ಬೋದಿಗೆ ಕೂತ ಮಟ್ಟವೇ ತಪ್ಪುತ್ತದೆ. ಬರೀ ಕತ್ತರಿಸಿ ಬಿಟ್ಟರೂ ಪ್ರಯೋಜನವಿಲ್ಲ. ಒಂದು ಕಾಂಡ ಇದ್ದಲ್ಲಿ ಐದು ಚಿಗುರು ಬರುತ್ತದೆ, ಬೇರು ಮಾತ್ರ ದಪ್ಪವಾಗುತ್ತಲೇ ಇರುತ್ತದೆ.

ಬೆರಳಿಗಿಂತ ಸಣ್ಣ ಸಸಿಯನ್ನು ಮಳೆ ಬಿದ್ದ ಮರುದಿನ, ಸಂದು ಒದ್ದೆಯಿದ್ದಾಗ, ಬೇರುಸಮೇತ ಮೆಲ್ಲಗೆ ಬಿಡಿಸಬಹುದು. ದಪ್ಪ ಕಾಂಡಕ್ಕೆ ಬೇರೆ ದಾರಿ. ಕಲ್ಲಿನಿಂದ 5 ಸೆಂ.ಮೀ. ಬಿಟ್ಟು ಕೊಯ್ಯಿರಿ. ಹಸಿ ಕೊಯ್ಲಿನ ಮೇಲೆ ಕೆಲವೇ ನಿಮಿಷಗಳ ಒಳಗೆ ಕಳೆನಾಶಕವನ್ನು ಕುಂಚದಲ್ಲಿ ಹಚ್ಚಬೇಕು. ತಡವಾದರೆ ಗಿಡ ತನ್ನ ಹಾಲಿನಿಂದಲೇ ಗಾಯ ಮುಚ್ಚಿಕೊಳ್ಳುತ್ತದೆ, ಔಷಧ ಒಳಗಿಳಿಯುವುದಿಲ್ಲ. ಸಿಂಪಡಿಸುವುದಂತೂ ಬೇಡವೇ ಬೇಡ, ಕೆಳಗೆ ಹರಿಯುವುದು ಕುಡಿಯುವ ನೀರು. ಗ್ಲೈಫೊಸೇಟ್ ಬಳಸುವುದಾದರೆ ಪರವಾನಗಿ ಇರುವ ಕೀಟ ನಿಯಂತ್ರಕರ ಕೈಯಲ್ಲೇ ಮಾಡಿಸಿ. ಹಳ್ಳ ಒಣಗಿರುವಾಗ, ಕೆಳಗೆ ತಾಡಪಾಲು ಹಾಸಿ ಮಾಡಲಿ. ಮೂರು ತಿಂಗಳಿಗೊಮ್ಮೆ ನೋಡಿ, ಚಿಗುರಿದರೆ ಮತ್ತೆ ಅದೇ ಕ್ರಮ. ಸತ್ತ ಬೇರು ಕುಗ್ಗಿ ಸಡಿಲವಾಗಲು ಒಂದೆರಡು ವರ್ಷ ಬೇಕು. ಆಗ ಕೈಗೆ ಬಂದಷ್ಟನ್ನು ತೆಗೆದು, ಉಳಿದ ಪೊಳ್ಳಿಗೆ ಚಕ್ಕೆಗಲ್ಲು ಮತ್ತು ಸುಣ್ಣದ ಗಾರೆ ತುಂಬಬಹುದು.

ಈಗ ಸಂದು. ಇಲ್ಲಿ ಒಂದು ಎಚ್ಚರಿಕೆ. ಸಿಮೆಂಟ್ ಬೇಡ ಎಂದ ಕೂಡಲೇ ಎಲ್ಲ ಸಂದಿಗೂ ಗಾರೆ ಮೆತ್ತಿ ಎಂದು ಅರ್ಥವಲ್ಲ. ಕಂಬ, ಬೋದಿಗೆ, ತೊಲೆಗಳ ನಡುವಿನ ಸಂದು ಮೊದಲಿನಿಂದಲೂ ಒಣಸಂದಾಗಿದ್ದರೆ ಹಾಗೇ ಬಿಡಿ. ಆ ಸಂದಿಯಿಂದ ನೀರು ಹೊರಗೆ ಹೋಗಬೇಕು, ಬಿಸಿಲಿಗೆ ಕಲ್ಲು ಹಿಗ್ಗಿ ಕುಗ್ಗಲು ಜಾಗವೂ ಬೇಕು. ಗಾರೆ ಬೇಕಾಗುವುದು ಎರಡು ಕಡೆ: ದಡದ ಕಟ್ಟೆಗಳ ಕಲ್ಲುಗೋಡೆಯಲ್ಲಿ, ಮತ್ತು ಹಾಸಿನ ಮೇಲೆ ಮೊದಲು ಗಾರೆ ಪದರ ಇದ್ದಿದ್ದರೆ ಅಲ್ಲಿ. ಇತ್ತೋ ಇಲ್ಲವೋ ತಿಳಿಯಲು ಕೈಗೋಡೆಯ ಬುಡದ ಮೂಲೆಯಲ್ಲಿ ಅಂಗೈಯಗಲ ಮಣ್ಣು ಕೆರೆದು ನೋಡಿ. ಬಿಳಿ ಅಥವಾ ಕೆಂಪುಮಿಶ್ರಿತ ಗಟ್ಟಿ ಪದರ ಸಿಕ್ಕರೆ ಗಾರೆ. ಒಂದು ಚೂರು ತೆಗೆದು ಕಾಗದದಲ್ಲಿ ಕಟ್ಟಿ, ಎಲ್ಲಿಂದ ತೆಗೆದದ್ದು ಎಂದು ಬರೆದಿಡಿ.

ಕಣಶಿಲೆಯ ವಿಷಯದಲ್ಲಿ ಸಿಮೆಂಟ್ ಕಲ್ಲನ್ನೇ ತಿಂದುಹಾಕುತ್ತದೆ ಎಂದು ಹೇಳಿದರೆ ಅತಿಯಾಗುತ್ತದೆ. ಅದು ಮರಳುಗಲ್ಲಿನಂಥ ಮೆದುಕಲ್ಲಿಗೆ ಹೆಚ್ಚು ನಿಜ. ಇಲ್ಲಿನ ತೊಂದರೆ ಬೇರೆ. ಅಲುಗುವ ಕಟ್ಟಡಕ್ಕೆ ಅಲುಗದ ಪಟ್ಟಿ ಹಚ್ಚಿದಂತಾಗುತ್ತದೆ. ಹೊರಮೈಯ ಒಂದು ಸೆಂ.ಮೀ.ಗೆ ಮಾತ್ರ ಸಿಮೆಂಟ್ ಹಚ್ಚಿ ಹೋಗುತ್ತಾರೆ. ಒಂದೇ ಬೇಸಿಗೆಗೆ ಕೂದಲೆಳೆಯಷ್ಟು ಸೀಳು ಬಿಡುತ್ತದೆ. ಅಲ್ಲಿಂದ ಒಳಗಿಳಿದ ನೀರಿಗೆ ಹೊರದಾರಿ ಇರುವುದಿಲ್ಲ. ಒಳಗೆ ಮಣ್ಣು ನಿಲ್ಲುತ್ತದೆ, ಅರಳಿ ಬೀಜಕ್ಕೆ ಪಾತಿ ಸಿದ್ಧ. ಮುಂದೆ ಸಿಮೆಂಟ್ ಎಬ್ಬಿಸಲು ಹೋದರೆ ಚಪ್ಪಡಿಯ ಅಂಚೂ ಅದರ ಜೊತೆ ಎದ್ದು ಬರುತ್ತದೆ.

ದಡದ ಕಟ್ಟೆಗೆ ಗಾರೆ ಹೀಗೆ: ಸುಟ್ಟ ಸುಣ್ಣವನ್ನು ನೀರಲ್ಲಿ ಅರಳಿಸಿ, ಜರಡಿ ಹಿಡಿದು, ಕನಿಷ್ಠ 15 ದಿನ ನೀರಿನಡಿ ಬಿಡಿ. ತಿಂಗಳು ಬಿಟ್ಟರೆ ಇನ್ನೂ ಒಳ್ಳೆಯದು. ಸರಿಯಾಗಿ ಅರಳದ ಹರಳು ಉಳಿದರೆ ಗೋಡೆಯೊಳಗೆ ಹೋದ ಮೇಲೆ ಉಬ್ಬಿ ಗಾರೆಯನ್ನು ಸಿಡಿಸುತ್ತದೆ. ಒಂದು ಪಾಲು ಸುಣ್ಣ, ಒಂದು ಪಾಲು ಇಟ್ಟಿಗೆಪುಡಿ, ಎರಡು ಪಾಲು ಮಣ್ಣಿಲ್ಲದ ದಪ್ಪ–ಸಣ್ಣ ಬೆರೆತ ಮರಳು. ನೀರಿನ ಪಕ್ಕದ ಕೆಲಸಕ್ಕೆ ಇಟ್ಟಿಗೆಪುಡಿ ಬಿಡುವಂತಿಲ್ಲ. ಬರೀ ಸುಣ್ಣ ಗಾಳಿಯಿಂದ ಮಾತ್ರ ಗಟ್ಟಿಯಾಗುವುದು, ತೇವದಲ್ಲಿ ವರ್ಷಗಟ್ಟಲೆ ಮೆತ್ತಗೇ ಉಳಿಯುತ್ತದೆ. ಪುಡಿ ಹದವಾಗಿ ಬೆಂದ ಇಟ್ಟಿಗೆಯದ್ದಾಗಿರಲಿ. ಸುಟ್ಟು ಕರಕಲಾದ ಇಟ್ಟಿಗೆಯ ಪುಡಿ ಸುಣ್ಣದ ಜೊತೆ ಕೂಡುವುದಿಲ್ಲ, ಬರೀ ಮರಳಿನ ಹಾಗೆ ಬಿದ್ದಿರುತ್ತದೆ.

ಸಂದನ್ನು ಅದರ ಅಗಲದ ಎರಡರಿಂದ ಎರಡೂವರೆ ಪಟ್ಟು ಆಳಕ್ಕೆ ಕೆರೆಯಿರಿ. 2 ಸೆಂ.ಮೀ. ಸಂದಿಗೆ 5 ಸೆಂ.ಮೀ. ಆಳ. ಆ ಲೆಕ್ಕದಲ್ಲಿ 10 ಮೀಟರ್ ಉದ್ದದ ಸಂದಿಗೆ 10 ಲೀಟರ್ ಗಾರೆ, ಚೆಲ್ಲುವುದೂ ಸೇರಿ 12 ಲೀಟರ್ ಕಲಸಿ. ದೂಳು ತೊಳೆದು, ಕಲ್ಲು ನೆನೆಸಿ, ಮೇಲೆ ನಿಂತ ನೀರು ಆರಿದ ಮೇಲೆ ತುಂಬಬೇಕು. ಒಂದೇ ಏಟಿಗೆ ತುಂಬಬೇಡಿ, ಎರಡು ಮೂರು ಪದರ. ಅಗಲ ಇದ್ದಲ್ಲಿ ಕಲ್ಲುಚಕ್ಕೆ ಒತ್ತಿ, ಬರೀ ಗಾರೆ ತುಂಬಿದರೆ ಕುಗ್ಗಿ ಸೀಳುತ್ತದೆ. ಒದ್ದೆ ಗೋಣಿಚೀಲ ಮುಚ್ಚಿ 14 ದಿನ ತೇವ ಕಾಯಿರಿ. ಏಪ್ರಿಲ್ ಬಿಸಿಲಿನಲ್ಲಿ ಈ ಕೆಲಸ ಹಿಡಿದರೆ ಪುಡಿಪುಡಿಯಾಗುತ್ತದೆ. ನವೆಂಬರಿನಿಂದ ಫೆಬ್ರವರಿ ಸರಿಯಾದ ಕಾಲ, ಈ ವರ್ಷದ ಮಳೆಗೆ ಮುಂಚೆ ಅವಸರ ಮಾಡಬೇಡಿ.

ಬೆಲ್ಲ, ಅಳಲೆಕಾಯಿ ನೀರು ಹಾಕಬೇಕೇ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಹದ ಗೊತ್ತಿರುವ ಮೇಸ್ತ್ರಿ ಇದ್ದರೆ ಹಾಕಲಿ. ಗೊತ್ತಿಲ್ಲದೆ ಬೆಲ್ಲ ಹೆಚ್ಚಾದರೆ ಗಾರೆ ಹಿಡಿಯುವುದೇ ತಡವಾಗುತ್ತದೆ. ಸುಣ್ಣ ಚೆನ್ನಾಗಿ ಅರಳಿರುವುದು ಇವೆರಡಕ್ಕಿಂತ ಮುಖ್ಯ.

---

ಹೊಳೆದಂಡೆ

ಇಬ್ಬರಿಗೂ ಧನ್ಯವಾದ. ಬಿರುಕನ್ನು ಹತ್ತಿರದಿಂದ ನೋಡಿ ಬರೆಯುತ್ತಿದ್ದೇನೆ. ಮೇಲ್ದಂಡೆ ಕಡೆಯಿಂದ ಎಣಿಸಿದರೆ 4ನೇ ಚಪ್ಪಡಿ. ಬಿರುಕು ಅಡ್ಡಕ್ಕಿದೆ, ಹೆಚ್ಚೂಕಡಿಮೆ ನಟ್ಟನಡುವೆ. ಅಡಿಯಲ್ಲಿ ಈ ಅಂಚಿನಿಂದ ಆ ಅಂಚಿನವರೆಗೆ ಹೋಗಿದೆ, ಪಕ್ಕದಲ್ಲಿ ಅಂಗೈಯಷ್ಟು ಎತ್ತರಕ್ಕೆ ಏರಿದೆ. ಮೇಲ್ಮೈಯಲ್ಲಿ ಕಾಣುತ್ತಿಲ್ಲ. ಸುತ್ತಿಗೆಯಲ್ಲಿ ತಟ್ಟಿದರೆ ಪಕ್ಕದ ಚಪ್ಪಡಿಗಳು ಟಣ್ ಎನ್ನುತ್ತವೆ, ಇದು ಬದ್ ಎನ್ನುತ್ತದೆ.

ಇನ್ನೊಂದು ಪ್ರಶ್ನೆ. ಕಾಂಕ್ರೀಟು ಹಾಕಿದರೆ ತೂಕ ಹೆಚ್ಚುತ್ತದೆ, ತೂಕ ಹೆಚ್ಚಿದರೆ ತಿಕ್ಕಾಟ ಹೆಚ್ಚುತ್ತದೆ. ಆ ಲೆಕ್ಕದಲ್ಲಿ ನೆರೆಗೆ ಒಳ್ಳೆಯದೇ ಅಲ್ಲವೇ? ಅಂದಾಜುಪಟ್ಟಿ ತಂದವರ ವಾದ ಇದೇ.

---

ಕಲ್ಲುಚಪ್ಪಡಿ

ಆ ಚಪ್ಪಡಿ ಬಾಗಿ ಬಿರಿದಿದೆ. ಉದ್ದಕ್ಕೆ ಸೀಳಿದ್ದರೆ ಬಂಡೆಯ ಎಳೆ, ತುದಿಯಲ್ಲಿ ಮೂಲೆ ಮುರಿದಿದ್ದರೆ ಕೂತ ಜಾಗ ಸಮವಿಲ್ಲ ಎಂದರ್ಥ. ನಡುವೆ, ಅಡ್ಡಕ್ಕೆ, ಅಡಿಯಿಂದ ಶುರುವಾದರೆ ಭಾರ ಹೆಚ್ಚಾಯಿತು ಎಂದೇ ಅರ್ಥ. ಅದರ ಮೇಲೆ ಇನ್ನು ಬೈಕೂ ಬೇಡ.

ಲೆಕ್ಕ ನೋಡಿ. ತನ್ನದೇ ತೂಕದಿಂದ ಚಪ್ಪಡಿಯ ಅಡಿಯಲ್ಲಿ ಹುಟ್ಟುವ ಎಳೆತ 0.4 ಮೆಗಾಪಾಸ್ಕಲ್‌ಗಿಂತ ಕಡಿಮೆ. ಒಂದು ಟನ್ನಿನ ಗಾಡಿಚಕ್ರ ನಡುವೆ ನಿಂತರೆ ಇನ್ನೊಂದು 0.8. ತುಂಬಿದ ಟಿಪ್ಪರಿನ ಹಿಂದಿನ ಜೋಡಿಚಕ್ರ 5 ಟನ್ ಎಂದಿಟ್ಟುಕೊಂಡರೆ 3.9, ಗುಂಡಿಯಲ್ಲಿ ಕುಪ್ಪಳಿಸಿದರೆ ಅದು 5ರಿಂದ 6ಕ್ಕೆ ಹೋಗುತ್ತದೆ. ಒಳ್ಳೆಯ ಕಣಶಿಲೆ ಬಾಗುವಾಗ ಸುಮಾರು 10 ಮೆಗಾಪಾಸ್ಕಲ್ ತಾಳಬಹುದು, ಶತಮಾನಗಳ ಗಾಳಿಮಳೆ ತಿಂದದ್ದು ಅಷ್ಟು ತಾಳುವುದಿಲ್ಲ. ಎತ್ತಿನಗಾಡಿಗೆ ಏಳೆಂಟು ಪಟ್ಟು ಮೀಸಲು ಬಲ ಇಟ್ಟು ಕಟ್ಟಿದ ಸೇತುವೆ ಟಿಪ್ಪರಿಗೆ ಒಂದೂವರೆ ಪಟ್ಟೂ ಉಳಿಸಿಕೊಂಡಿರುವುದಿಲ್ಲ. ಕಾಂಕ್ರೀಟಿನೊಳಗಿನ ಸರಳು ಬಾಗಿ, ಬಿರುಕು ತೋರಿಸಿ, ಎಚ್ಚರಿಕೆ ಕೊಡುತ್ತದೆ. ಕಲ್ಲಿನಲ್ಲಿ ಸರಳಿಲ್ಲ, ಒಂದೇ ಕ್ಷಣಕ್ಕೆ ಎರಡು ತುಂಡು.

ತೂಕದ ವಾದಕ್ಕೆ ಉತ್ತರ. 10 ಸೆಂ.ಮೀ. ಕಾಂಕ್ರೀಟು ಒಂದು ಅಂಕಣಕ್ಕೆ 2.9 ಟನ್. ಮುಳುಗಿದಾಗ 1.7 ಟನ್ ಮಾತ್ರ, ಅದರಿಂದ ಸಿಗುವ ತಿಕ್ಕಾಟ 1 ಟನ್. ಲಾಭ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ಆ ಲಾಭ ಒಂದು ದಿಮ್ಮಿಯ ಕಂತೆ ತೆಗೆದರೆ ಸಿಗುವುದಕ್ಕಿಂತ ತುಂಬ ಕಡಿಮೆ. ಬದಲಿಗೆ ಕಳೆದುಕೊಳ್ಳುವುದೇನು? ನೀರಿಗೆ ಅಡ್ಡ ನಿಲ್ಲುವ ಮುಖ 30 ಸೆಂ.ಮೀ. ಇದ್ದದ್ದು 40 ಆಗುತ್ತದೆ. ಚಪ್ಪಡಿಯ ಮೇಲಿನ ಬಿರುಕು ಕಾಣದಂತೆ ಮುಚ್ಚಿಹೋಗುತ್ತದೆ. ಬಿಡಿಬಿಡಿಯಾಗಿದ್ದ ಅಂಕಣಗಳು ಒಂದೇ ಹಾಳೆಯಾಗುತ್ತವೆ. ಒಂದು ಕಡೆ ಹಾಳೆ ಎದ್ದರೆ ಪಕ್ಕದ ಅಂಕಣವನ್ನೂ ಎಬ್ಬಿಸಿಕೊಂಡು ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ರಸ್ತೆ ನುಣುಪಾಯಿತು ಎಂದು ಟಿಪ್ಪರುಗಳು ಇನ್ನೂ ಧೈರ್ಯವಾಗಿ ಬರುತ್ತವೆ. ಬೇಡವೆನಿಸಿದಾಗ ತೆಗೆಯಲು ಒಡೆಯುವ ಯಂತ್ರ ಇಟ್ಟರೆ ಕೆಳಗಿನ ಕಲ್ಲಿಗೇ ಪೆಟ್ಟು.

ಕಂಬಿಗೆ ತೂತು ಕೊರೆಯುವುದು ಇನ್ನೂ ಕೆಟ್ಟದ್ದು. ಅಂಚಿನ ಚಪ್ಪಡಿಯೇ ನೆರೆಗೆ ಮೊದಲು ಮೈಯೊಡ್ಡುವ ಕಲ್ಲು, ಅದಕ್ಕೇ ಸಾಲುತೂತು. ಒಳಗೆ ಕೂತ ಕಬ್ಬಿಣ ತುಕ್ಕು ಹಿಡಿದರೆ ಹಲವು ಪಟ್ಟು ಉಬ್ಬಿ ಕಲ್ಲನ್ನು ಒಳಗಿನಿಂದ ಸೀಳುತ್ತದೆ. ಕಲ್ಲುಕುಟಿಗರು ಬಂಡೆ ಒಡೆಯಲು ಸಾಲಾಗಿ ಉಳಿ ಬಡಿಯುವ ಕ್ರಮವೇ ಇದು, ನಿಧಾನ ಮಾತ್ರ. ಕಂಬಿ ಬೇಕೇಬೇಕು ಎಂದಾದರೆ ಚಪ್ಪಡಿಯ ಅಂಚನ್ನು ಮೇಲೂ ಕೆಳಗೂ ಕಚ್ಚಿ ಹಿಡಿಯುವ ಸ್ಟೇನ್‌ಲೆಸ್ ಹಿಡಿಕೆ, ನಡುವೆ ರಬ್ಬರು, ಮಳೆಗಾಲಕ್ಕೆ ಕಳಚಿಡುವ ಸರಳು. ಮುಳುಗುವ ಸೇತುವೆಗೆ ಕಳಚಲಾಗದ ಕಂಬಿ ಇದ್ದರೆ ಅದು ಕಸ ಹಿಡಿಯುವ ಬಲೆ.

ಮಳೆಗಾಲ ದಾಟಿಸುವ ತಾತ್ಕಾಲಿಕ ಏರ್ಪಾಡು: 7ನೇ ಅಂಕಣದ ಅಡಿಗೆ ಊರೆ (ಆಸರೆಯ ಕಂಬ) ಕೊಡಬೇಡಿ, ಹಳ್ಳ ಬಂದರೆ ಊರೆಯೇ ದಿಮ್ಮಿಯಾಗುತ್ತದೆ. ಆ ಚಪ್ಪಡಿಯನ್ನೂ ಅದರ ಎರಡೂ ಪಕ್ಕದ ಒಂದೊಂದು ಚಪ್ಪಡಿಯನ್ನೂ ಬೇಲಿ ಹಾಕಿ ಬಿಟ್ಟುಬಿಡಿ, 4.5 ಮೀಟರ್ ಅಗಲದಲ್ಲಿ ಕೆಳದಂಡೆಯ ಕಡೆ ನಡೆಯಲು ಜಾಗ ಉಳಿಯುತ್ತದೆ. ಬಿರುಕಿಗೆ ಅಡ್ಡಲಾಗಿ ಸಾಕ್ಷಿಪಟ್ಟಿ ಹಚ್ಚಿ: 3 ಮಿ.ಮೀ. ದಪ್ಪದ ಗಾಜಿನ ತುಂಡು, 15 ಸೆಂ.ಮೀ. ಉದ್ದ, ಎರಡು ತುದಿಯಲ್ಲಿ ಮಾತ್ರ ಅಂಟಿಸಿ ತಾರೀಖು ಬರೆಯಿರಿ. ಗಾಜು ಒಡೆದರೆ ಬಿರುಕು ಬೆಳೆಯುತ್ತಿದೆ. ವಾರಕ್ಕೊಮ್ಮೆ ಬೆಳಗ್ಗೆ 7ಕ್ಕೇ ನೋಡಿ. ಒಂದು ದಿನ ಬೆಳಗ್ಗೆ, ಒಂದು ದಿನ ಮಧ್ಯಾಹ್ನ ಅಳೆದರೆ ಬಿಸಿಲಿನ ಹಿಗ್ಗುವಿಕೆಯನ್ನೇ ಬೆಳವಣಿಗೆ ಎಂದುಕೊಳ್ಳುತ್ತೀರಿ.

ಬೇಸಿಗೆಯಲ್ಲಿ ಚಪ್ಪಡಿ ಬದಲಿಸಿ. ಬಿರಿದದ್ದನ್ನು ಅಂಟು ಹಾಕಿ ಸರಳು ಕೂರಿಸಿ ಮತ್ತೆ ಅದೇ ಜಾಗದಲ್ಲಿ ಭಾರ ಹೊರಿಸಬೇಡಿ, ಅದು ದಡದ ಕಟ್ಟೆಯ ಮೇಲೆ, ಬಾಗು ಬೀಳದ ಜಾಗದಲ್ಲಿ ಹಾಸಲು ಒದಗುತ್ತದೆ. ಹೊಸ ಕಲ್ಲು ಅದೇ ದಪ್ಪ, ಅದೇ ಹರಳಿನದಾಗಿರಲಿ. ಸಿಡಿಮದ್ದಿನಿಂದ ಒಡೆದ ಬಂಡೆಯದು ಬೇಡ, ಒಳಗೆ ಕಾಣದ ಸೀಳು ಇರುತ್ತದೆ. ಎರಡೂ ತುದಿಗೆ ಕನಿಷ್ಠ 15 ಸೆಂ.ಮೀ. ಆಸರೆ. ಕ್ರೇನು ಹಾಸಿನ ಮೇಲೆ ನಿಲ್ಲಬಾರದು, ಒಣಗಿದ ಹಳ್ಳದಲ್ಲಿ ಮುಕ್ಕಾಲಿ ನಿಲ್ಲಿಸಿ 2 ಟನ್ನಿನ ಸರಪಳಿ ರಾಟೆ ಕಟ್ಟಿದರೆ ಸಾಕು. ನೈಲಾನ್ ಪಟ್ಟಿ ಬಳಸಿ, ತಂತಿಹಗ್ಗ ಕಲ್ಲಿನ ಅಂಚು ತಿನ್ನುತ್ತದೆ.

---

ದಫ್ತರ

ಕಾಗದದ ಕೆಲಸದ ಬಗ್ಗೆ. ಸೇತುವೆ ಯಾರದು ಎಂಬುದನ್ನು ಮೊದಲು ಬರಹದಲ್ಲಿ ಪಡೆಯಿರಿ. ಲೋಕೋಪಯೋಗಿ ಇಲಾಖೆಯದೇ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದೇ, ನೀರಾವರಿ ನಿಗಮದ್ದೇ? ಗ್ರಾಮನಕ್ಷೆಯ ಪ್ರತಿ, ಆ ರಸ್ತೆಯ ಸಂಖ್ಯೆ, ಈಗಿನ ಅಂದಾಜುಪಟ್ಟಿಯ ಪ್ರತಿ, ಮೂರನ್ನೂ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಒಡೆಯರು ಯಾರೆಂದು ಗೊತ್ತಿಲ್ಲದೆ ಕೊಟ್ಟ ಮನವಿ ಮೇಜಿನಿಂದ ಮೇಜಿಗೆ ಸುತ್ತುತ್ತದೆ.

ಸಂರಕ್ಷಿತ ಸ್ಮಾರಕವಾಗಿ ಘೋಷಿಸಲು ರಾಜ್ಯದಲ್ಲಿ 1961ರ ಪ್ರಾಚೀನ ಮತ್ತು ಐತಿಹಾಸಿಕ ಸ್ಮಾರಕಗಳ ಕಾಯಿದೆ ಇದೆ. ಕಟ್ಟಡಕ್ಕೆ ನೂರು ವರ್ಷ ಆಗಿರಬೇಕು. ಅರ್ಜಿ ಮೈಸೂರಿನಲ್ಲಿರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ. ಶಾಸನವಿಲ್ಲದ ಸೇತುವೆಗೆ ವಯಸ್ಸಿನ ಸಾಕ್ಷಿ ಬೇಕಲ್ಲ, ಅದಕ್ಕೆ ಹಳೆಯ ಭೂಮಾಪನ ನಕ್ಷೆ, ಗೆಜೆಟಿಯರ್, ಮತ್ತು ಕಟ್ಟಡವೇ. ಬೋದಿಗೆಯ ಆಕಾರ, ಉಳಿಯ ಗುರುತು, ಕಲ್ಲು ಒಡೆದ ಬೆಣೆಗುಳಿಗಳ ಅಗಲ, ಇವುಗಳ ಹತ್ತಿರದ ಚಿತ್ರಗಳನ್ನು ಕಾಲ ಗೊತ್ತಿರುವ ಸೇತುವೆಯ ಜೊತೆ ಇಟ್ಟು ತೋರಿಸಿ. ಶ್ರೀರಂಗಪಟ್ಟಣದ್ದು ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ 1804ರಲ್ಲಿ ಮುಗಿದದ್ದು, ಶಿವನಸಮುದ್ರದವು 1830ರ ಆಸುಪಾಸಿನಲ್ಲಿ ರಾಮಸ್ವಾಮಿ ಮೊದಲಿಯಾರ್ ಕಟ್ಟಿಸಿದವು. ಹೋಲಿಕೆಗೆ ಎರಡು ಕಾಲಘಟ್ಟಗಳು ಕೈಗೆ ಸಿಕ್ಕವು.

ಘೋಷಣೆಗೆ ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ ಗ್ರಾಮಸಭೆಯ ನಿರ್ಣಯ ಬೇಕು. ನಿರ್ಣಯದಲ್ಲಿ "ಸೇತುವೆಯನ್ನು ರಕ್ಷಿಸಬೇಕು" ಎಂದಷ್ಟೇ ಬರೆದರೆ ಅದೇ ಮಾತನ್ನು ತೋರಿಸಿ ಕಾಂಕ್ರೀಟು ಹಾಕುತ್ತಾರೆ. ಹೀಗೆ ಬಿಡಿಸಿ ಬರೆಯಿರಿ: ಭಾರಿ ವಾಹನ ನಿಷೇಧ, ಎರಡೂ ಕಡೆ ಸೇತುವೆಗೆ ಮುಟ್ಟದಂತೆ ದಾರಿಯ ಮೇಲೆ ತಡೆಗಲ್ಲು, ಕಲ್ಲಿಗೆ ತೂತು ಕೊರೆಯಬಾರದು, ಸಿಮೆಂಟ್ ಬಳಸಬಾರದು, ಕುಡಿಯುವ ನೀರಿನ ಕೊಳವೆ ಮತ್ತು ಕೇಬಲ್ಲು ಸೇತುವೆಗೆ ಕಟ್ಟಬಾರದು. ಕೊಳವೆಯ ಒಂದು ಸೋರಿಕೆ ಸಾಕು, ದಡದ ಕಟ್ಟೆಯ ಹಿಂದಿನ ಮಣ್ಣು ಖಾಲಿಯಾಗುತ್ತದೆ. ತಡೆಗಲ್ಲುಗಳ ನಡುವೆ 1.2 ಮೀಟರ್ ಬಿಟ್ಟರೆ ಗಾಲಿಕುರ್ಚಿ, ಬೈಕು, ಹಸು ಹೋಗುತ್ತವೆ, ಟ್ರ್ಯಾಕ್ಟರ್ ಹೋಗದು. ಕಬ್ಬಿನವರಿಗೆ ಬೇರೆ ದಾರಿ ತೋರಿಸದೆ ಕಲ್ಲು ನೆಟ್ಟರೆ ಒಂದೇ ಹಂಗಾಮಿಗೆ ಕಿತ್ತು ಬಿಸಾಡುತ್ತಾರೆ, ಅವರ ಜೊತೆ ಕೂತು ಮಾತಾಡಿ ಆಮೇಲೆ ನೆಡಿ.

ಪಕ್ಕದಲ್ಲೇ ಹೊಸ ಸೇತುವೆ ಎಂಬ ಪ್ರಸ್ತಾವ ಬಂದರೆ ದೂರ ಎಷ್ಟು ಎಂದು ಕೇಳಿ. ಹೊಸ ಕಂಬಗಳು ಹಳೆಯ ಸಾಲಿನ ನೇರಕ್ಕೆ ಇಲ್ಲದಿದ್ದರೆ ನೀರಿನ ಧಾರೆ ತಿರುಗಿ ಹಳೆಯ ಕಂಬಕ್ಕೆ ಓರೆಯಾಗಿ ಬಡಿಯುತ್ತದೆ. ಆನೆಗೊಂದಿಯ ಸೇತುವೆ ಕಾಮಗಾರಿಯ ಕಾರಣಕ್ಕೆ ಹಂಪಿ 1999ರಿಂದ 2006ರವರೆಗೆ ಯುನೆಸ್ಕೋದ ಅಪಾಯದ ಪಟ್ಟಿಯಲ್ಲಿತ್ತು. ಆ ಹೊಸ ಸೇತುವೆಯೇ 2009ರ ಜನವರಿಯಲ್ಲಿ, ಕಟ್ಟುತ್ತಿರುವಾಗಲೇ ಕುಸಿಯಿತು.

ಜನದಟ್ಟಣೆಯನ್ನೂ ಮರೆಯಬೇಡಿ. 2025ರ ಜೂನ್ 15ರಂದು ಪುಣೆ ಬಳಿ ಇಂದ್ರಾಯಣಿ ನದಿಯ ಹಳೆಯ ಕಬ್ಬಿಣದ ಸೇತುವೆ ಬಿದ್ದದ್ದು ಲಾರಿಯಿಂದಲ್ಲ, ಪ್ರವಾಸಿಗರು ಕಿಕ್ಕಿರಿದು ನಿಂತದ್ದರಿಂದ. ನೀರು ಏರಿದ ದಿನ ನೋಡಲು ಜನ ಸೇರುವುದು ಸೇತುವೆಯ ಮೇಲೇ. ಆ ದಿನ ಎರಡೂ ತುದಿಗೆ ಹಗ್ಗ ಕಟ್ಟುವ ಜವಾಬ್ದಾರಿ ಯಾರದು ಎಂದು ನಿರ್ಣಯದಲ್ಲೇ ಬರೆಸಿ.

---

ಹೊಳೆದಂಡೆ

ಗ್ರಾಮಸಭೆಗೆ ಈ ಅಂಶಗಳನ್ನೇ ಇಡುತ್ತೇವೆ. ಕೊನೆಯ ಪ್ರಶ್ನೆ: ಕೆಳದಂಡೆಯಲ್ಲಿ 30–40 ಮೀಟರ್ ದೂರದಲ್ಲಿ ಎರಡು ಚಪ್ಪಡಿ, ಒಂದು ಬೋದಿಗೆ ಮಣ್ಣಿನಲ್ಲಿ ಅರ್ಧ ಹೂತು ಬಿದ್ದಿವೆ. 9ನೇ ಅಂಕಣದಲ್ಲಿ ಕಡಪಾ ಕಲ್ಲಿನ ಎರಡು ತೆಳು ಹಾಸು ಇದೆ, ಬಹುಶಃ ಹಿಂದೆ ಹೋದದ್ದರ ಬದಲಿಗೆ. ಬಿದ್ದವನ್ನು ಮತ್ತೆ ಕೂರಿಸಬಹುದೇ?

---

ಗಾರೆಕೆಲಸ

ಕೂರಿಸಬಹುದು, ಹೊಸ ಕಲ್ಲಿಗಿಂತ ಅದೇ ಮೇಲು. ಆದರೆ ಯಾವ ಕಲ್ಲು ಯಾವ ಜಾಗದ್ದು ಎಂದು ಖಚಿತವಾಗುವ ಮುನ್ನ ಎತ್ತಬೇಡಿ. ಬಿದ್ದಿರುವ ಸ್ಥಿತಿಯಲ್ಲೇ ಚಿತ್ರ ತೆಗೆಯಿರಿ, ಪಕ್ಕದಲ್ಲಿ ಅಳತೆಕೋಲು ಇರಲಿ. ಸೇತುವೆಯಿಂದ ಎಷ್ಟು ದೂರ, ಯಾವ ಅಂಕಣದ ನೇರಕ್ಕೆ ಎಂದು ಬರೆಯಿರಿ. ಬಣ್ಣದಲ್ಲಿ ಕಲ್ಲಿನ ಮೇಲೆ ಸಂಖ್ಯೆ ಬರೆಯಬೇಡಿ, ಒರಟು ಕಣಶಿಲೆಯಿಂದ ಬಣ್ಣ ಪೂರ್ತಿ ಹೋಗುವುದಿಲ್ಲ. ಅಲ್ಯೂಮಿನಿಯಂ ತಗಡಿನ ಚೀಟಿ ದಾರದಲ್ಲಿ ಕಟ್ಟಿ.

ಜಾಗ ಗುರುತಿಸಲು ಕಲ್ಲಿನ ಅಡಿಮೈ ನೋಡಿ. ಚಪ್ಪಡಿಯ ಎರಡು ತುದಿಯಲ್ಲಿ ತೊಲೆಯ ಮೇಲೆ ಕೂತಿದ್ದ ಪಟ್ಟಿ ತಿಳಿಬಣ್ಣದಲ್ಲಿ, ಸವೆಯದೆ ಉಳಿದಿರುತ್ತದೆ. ಆ ಪಟ್ಟಿಯ ಅಗಲ, ಎರಡು ಪಟ್ಟಿಗಳ ನಡುವಿನ ಅಂತರ ಅಳೆದು 9ನೇ ಅಂಕಣಕ್ಕೆ ಹೊಂದಿಸಿ. ಹನ್ನೊಂದು ಅಂಕಣಗಳಲ್ಲಿ ತೊಲೆಯ ಅಂತರ ಒಂದೇ ಸಮ ಇರುವುದಿಲ್ಲ, ಎರಡು ಮೂರು ಸೆಂ.ಮೀ. ವ್ಯತ್ಯಾಸ ಇದ್ದೇ ಇರುತ್ತದೆ. ಆ ವ್ಯತ್ಯಾಸವೇ ನಿಮಗೆ ವಿಳಾಸ ಹೇಳುತ್ತದೆ. ಅಂಚಿನ ಚಪ್ಪಡಿಯಾದರೆ ಒಂದು ಪಕ್ಕದ ಮೈ ಮಾತ್ರ ನೀರಿಗೆ ನುಣುಪಾಗಿರುತ್ತದೆ.

ಎತ್ತುವ ಮುಂಚೆ ಪೂರ್ತಿ ಬಿಡಿಸಿ, ಉದ್ದಕ್ಕೂ ತಟ್ಟಿ ನೋಡಿ. ಟಣ್ ಎಂದರೆ ಹಾಸಿಗೆ, ಬದ್ ಎಂದರೆ ದಡದ ಕಟ್ಟೆಗೆ. ಅರ್ಧ ಹೂತ ಕಲ್ಲಿನ ಅಡಿಗೆ ಹಾರೆ ಹಾಕಿ ಒಂದೇ ಬದಿಯಿಂದ ಮೀಟಿದರೆ ಮಣ್ಣಿನ ಹಿಡಿತಕ್ಕೆ ನಡುವೆ ಮುರಿಯುವುದುಂಟು. ಸುತ್ತಲೂ ಮಣ್ಣು ತೆಗೆದು, ತುದಿಯಿಂದ ಐದನೇ ಒಂದು ಭಾಗ ಒಳಗೆ ಎರಡು ಕಡೆ ಪಟ್ಟಿ ಹಾಕಿ, ಒಟ್ಟಿಗೇ ಎತ್ತಿ. ಬೋದಿಗೆಯನ್ನು ಈ ವರ್ಷ ದಡಕ್ಕೆ ತಂದು ಇಟ್ಟರೆ ಸಾಕು. ಅದನ್ನು ಜಾಗಕ್ಕೆ ಕೂರಿಸಬೇಕಾದರೆ ಮೇಲಿನ ತೊಲೆ, ಹಾಸು ಎಲ್ಲ ಇಳಿಸಬೇಕು, ಅದು ಸಂರಕ್ಷಣೆಯ ಅನುಭವ ಇರುವ ಎಂಜಿನಿಯರ್ ಎದುರಿಗೆ ನಿಂತು ಮಾಡಿಸುವ ಕೆಲಸ. ಆ ಕಡಪಾ ಹಾಸಿನ ಮೇಲೆ ಮಾತ್ರ ಇವತ್ತಿನಿಂದ ಯಾರನ್ನೂ ಬಿಡಬೇಡಿ. ಕಡಪಾ ಪದರಪದರದ ಕಲ್ಲು, ಅಷ್ಟು ಉದ್ದಕ್ಕೆ ತೆಳುವಾಗಿ ಹಾಸುವಂಥದ್ದಲ್ಲ. 7ನೇ ಅಂಕಣದ ಬೇಲಿಯ ಜೊತೆಗೆ ಅಲ್ಲಿಗೂ ಒಂದು ಬೇಲಿ ಹಾಕಿ.